ಕಥೆ ಸಡಿಲ, ಓಟ ಬಿಗಿ: 'ಮಿಷನ್: ಇಂಪಾಸಿಬಲ್ – ಫಾಲ್‌ಔಟ್' ಗೆದ್ದದ್ದೆಲ್ಲಿ, ಎಡವಿದ್ದೆಲ್ಲಿ

2018ರಲ್ಲಿ ಬಂದ 'ಮಿಷನ್: ಇಂಪಾಸಿಬಲ್ – ಫಾಲ್‌ಔಟ್' ಈ ಸರಣಿಯ ಆರನೇ ಸಿನಿಮಾ. ಸರಣಿಯಲ್ಲೇ ಅತಿ ಹೆಚ್ಚು ಹಣ ಗಳಿಸಿದ ಚಿತ್ರವೂ ಇದೇ. ಜಗತ್ತಿನಾದ್ಯಂತ ಸುಮಾರು 79 ಕೋಟಿ ಡಾಲರ್ ಬಾಚಿತು. ಸ್ಪೈ ಆ್ಯಕ್ಷನ್ ಸಿನಿಮಾ ಇಷ್ಟಪಡುವವರನ್ನು ಕೇಳಿದರೆ, ಕಳೆದ ಕೆಲವು ದಶಕಗಳ ಒಳ್ಳೆಯ ಆ್ಯಕ್ಷನ್ ಚಿತ್ರಗಳಲ್ಲಿ ಇದೂ ಒಂದು ಅಂತ ಹೇಳುವವರೇ ಜಾಸ್ತಿ. ಆದರೆ ಅವರನ್ನೇ ಕೂರಿಸಿ 'ಕಥೆ ಏನು, ಹೇಳಿ' ಅಂದರೆ ತಡವರಿಸುತ್ತಾರೆ. ಅಣುಬಾಂಬಿಗೆ ಬೇಕಾದ ಪ್ಲುಟೋನಿಯಂ ಯಾರ ಕೈಯಿಂದ ಯಾರ ಕೈಗೆ ಹೋಯಿತು, ವಿಲನ್ ಲೇನ್‌ನನ್ನು ಬಿಡಿಸಿದ್ದು ಯಾಕೆ, ಕೊನೆಗೆ ಎಲ್ಲರೂ ಕಾಶ್ಮೀರಕ್ಕೆ ಹೋದದ್ದು ಹೇಗೆ, ಯಾವುದೂ ಸರಿಯಾಗಿ ನೆನಪಿರುವುದಿಲ್ಲ.

ಕಥೆಯೇ ನೆನಪಿಲ್ಲದ ಸಿನಿಮಾ ಇಷ್ಟು ಚೆನ್ನಾಗಿ ನೆನಪಿರುವುದು ಹೇಗೆ? ನನ್ನ ಉತ್ತರ ಇದು. ಈ ಚಿತ್ರದ ಬಲ ಮತ್ತು ದೌರ್ಬಲ್ಯ ಎರಡೂ ಒಂದೇ ಬೇರಿನಿಂದ ಹುಟ್ಟಿವೆ. ಆ ಬೇರು ಅದನ್ನು ತಯಾರಿಸಿದ ರೀತಿಯಲ್ಲಿದೆ. ಅದನ್ನು ಬಿಡಿಸಿ ನೋಡೋಣ. ಕಥೆಯ ತಿರುವುಗಳನ್ನೆಲ್ಲ ಇಲ್ಲಿ ಹೇಳಲೇಬೇಕಾಗುತ್ತದೆ. ಇನ್ನೂ ನೋಡಿಲ್ಲದವರು ಮೊದಲು ಸಿನಿಮಾ ನೋಡಿಕೊಂಡು ಬರುವುದು ಒಳ್ಳೆಯದು.

ಮೊದಲು ಸರಣಿಯ ಹಿನ್ನೆಲೆ. 1966ರ ಅಮೆರಿಕನ್ ಟಿವಿ ಧಾರಾವಾಹಿಯಿಂದ ಹುಟ್ಟಿದ ಈ ಸಿನಿಮಾಗಳು ಶುರುವಾಗಿದ್ದು 1996ರಲ್ಲಿ. ಪ್ರತಿ ಚಿತ್ರಕ್ಕೂ ಹೊಸ ನಿರ್ದೇಶಕ ಅನ್ನುವುದು ಅಲ್ಲಿನ ಪದ್ಧತಿಯಾಗಿತ್ತು. ಬ್ರಯಾನ್ ಡಿ ಪಾಲ್ಮಾ, ಜಾನ್ ವೂ, ಜೆ. ಜೆ. ಏಬ್ರಮ್ಸ್, ಬ್ರಾಡ್ ಬರ್ಡ್, ಆಮೇಲೆ 2015ರ ಐದನೇ ಚಿತ್ರಕ್ಕೆ ಕ್ರಿಸ್ಟೋಫರ್ ಮೆಕ್ವಾರಿ. 'ಫಾಲ್‌ಔಟ್' ಆ ಪದ್ಧತಿ ಮುರಿಯಿತು. ಮೆಕ್ವಾರಿ ಎರಡನೇ ಸಲ ಬಂದರು. ಹಿಂದಿನ ಚಿತ್ರದ ವಿಲನ್ ಸಾಲೊಮನ್ ಲೇನ್ ಕೂಡ ವಾಪಸ್ ಬಂದ. ಅಲ್ಲಿಯವರೆಗೆ ಒಂದಕ್ಕೊಂದು ಹೆಚ್ಚು ಅಂಟಿಕೊಳ್ಳದೆ ಬರುತ್ತಿದ್ದ ಚಿತ್ರಗಳು ಇಲ್ಲಿಂದ ನೇರವಾಗಿ ಮುಂದುವರಿದ ಕಥೆಯಾದವು.

ಈಗ ಆ ಬೇರಿಗೆ ಬರೋಣ. ಶೂಟಿಂಗ್ ಶುರುವಾದಾಗ ಮೆಕ್ವಾರಿ ಕೈಯಲ್ಲಿ ಪೂರ್ತಿ ಸ್ಕ್ರಿಪ್ಟ್ ಇರಲಿಲ್ಲ. ಕಥೆಯ ಒಂದು ಹಂದರ ಮಾತ್ರ ಇತ್ತು. ದೊಡ್ಡ ಆ್ಯಕ್ಷನ್ ದೃಶ್ಯಗಳು ಯಾವುವು, ಎಲ್ಲಿ ನಡೆಯುತ್ತವೆ ಅನ್ನುವುದು ಮೊದಲು ತೀರ್ಮಾನವಾಗುತ್ತದೆ. ಅವನ್ನು ಜೋಡಿಸುವ ಕಥೆ, ಮಾತು, ಕಾರಣ ಎಲ್ಲ ಆಮೇಲೆ ಬರುತ್ತವೆ, ಕೆಲವು ಸಲ ಶೂಟಿಂಗ್ ನಡೆಯುತ್ತಿರುವಾಗಲೇ. ಇದು ಬೇಜವಾಬ್ದಾರಿತನ ಅಂತ ಅನ್ನಿಸಬಹುದು. ಆದರೆ ಬರೆಯುವವರೂ ನಿರ್ದೇಶಿಸುವವರೂ ಒಬ್ಬರೇ ಆದಾಗ ಇದಕ್ಕೊಂದು ಲಾಭವಿದೆ. ತೆರೆಯ ಮೇಲೆ ಏನು ಕೆಲಸ ಮಾಡುತ್ತಿದೆ ಅಂತ ನೋಡಿಕೊಂಡು ಮುಂದಿನದನ್ನು ಬರೆಯಬಹುದು.

ಆಕಾಶದಿಂದ ಜಿಗಿಯುವ ದೃಶ್ಯವನ್ನೇ ತೆಗೆದುಕೊಳ್ಳಿ. ಕಥೆಯ ಪ್ರಕಾರ ಟಾಮ್ ಕ್ರೂಸ್ ಮಾಡಿದ ನಾಯಕ ಈಥನ್ ಹಂಟ್ ಮತ್ತು ಸಿಐಎ ಏಜೆಂಟ್ ವಾಕರ್ ರಾತ್ರಿ ಹೊತ್ತು ಪ್ಯಾರಿಸ್ ಮೇಲೆ ವಿಮಾನದಿಂದ ಹಾರುತ್ತಾರೆ. ನಿಜವಾಗಿ ಅದನ್ನು ಚಿತ್ರಿಸಿದ್ದು ಅಬುಧಾಬಿಯಲ್ಲಿ, ಸಿ-17 ಎಂಬ ದೈತ್ಯ ಸೇನಾ ಸಾಗಣೆ ವಿಮಾನದಿಂದ. ಎತ್ತರ 25,000 ಅಡಿ. ಅಲ್ಲಿ ಗಾಳಿ ತೀರಾ ತೆಳು, ಆಕ್ಸಿಜನ್ ಮಾಸ್ಕ್ ಇಲ್ಲದೆ ಹಾರುವ ಹಾಗಿಲ್ಲ. ಮಾಮೂಲಿ ಮಾಸ್ಕ್ ಹಾಕಿದರೆ ಮುಖ ಕಾಣುವುದಿಲ್ಲ. ಮುಖ ಕಾಣದಿದ್ದರೆ ಟಾಮ್ ಕ್ರೂಸ್ ತಾವೇ ಹಾರಿ ಏನು ಪ್ರಯೋಜನ? ಅದಕ್ಕಾಗಿ ಮುಖ ಪೂರ್ತಿ ಕಾಣುವಂಥ, ಒಳಗೆ ಬೆಳಕಿರುವ ಹೆಲ್ಮೆಟ್ಟನ್ನೇ ಹೊಸದಾಗಿ ಮಾಡಿಸಿದರು.

ಇನ್ನೊಂದು ಕಷ್ಟ ಬೆಳಕಿನದು. ಸೂರ್ಯ ಮುಳುಗಿದ ಮೇಲೆ, ಪೂರ್ತಿ ಕತ್ತಲಾಗುವ ಮುಂಚೆ ಸಿಗುವ ಕೆಲವೇ ನಿಮಿಷಗಳ ಮಬ್ಬು ಬೇಕಿತ್ತು. ಅಂದರೆ ದಿನಕ್ಕೆ ಒಂದೇ ಅವಕಾಶ. ಕ್ಯಾಮೆರಾಮನ್ ಕ್ರೇಗ್ ಓಬ್ರಯನ್ ತಲೆಗೆ ಕ್ಯಾಮೆರಾ ಕಟ್ಟಿಕೊಂಡು ಹಿಮ್ಮುಖವಾಗಿ ಹಾರಬೇಕು. ಕ್ರೂಸ್ ಅವರ ಹಿಂದೆಯೇ ಹಾರಿ, ಬೀಳುತ್ತಿರುವಾಗಲೇ ಕ್ಯಾಮೆರಾದಿಂದ ಬರೀ ಮೂರು ಅಡಿ ದೂರಕ್ಕೆ ಬಂದು ನಿಲ್ಲಬೇಕು. ಒಂದು ಅಡಿ ಆಚೆ ಈಚೆ ಆದರೂ ಫೋಕಸ್ ತಪ್ಪುತ್ತದೆ, ಆ ದಿನದ ಕೆಲಸ ಹಾಳು. ಈ ದೃಶ್ಯಕ್ಕಾಗಿ ಒಟ್ಟು ನೂರಕ್ಕೂ ಹೆಚ್ಚು ಸಲ ಹಾರಿದ್ದಾರೆ. ಹಾಗೆ ಸಿಕ್ಕ ಕೆಲವು ಉದ್ದ ಶಾಟ್‌ಗಳನ್ನು ಹೊಲಿದು ಒಂದೇ ಶಾಟ್‌ನಂತೆ ಕಾಣಿಸಿದ್ದಾರೆ. ಮಿಂಚು, ಮೋಡ, ಕೆಳಗಿನ ಪ್ಯಾರಿಸ್ ಎಲ್ಲ ಕಂಪ್ಯೂಟರ್‌ನಲ್ಲಿ ಸೇರಿಸಿದ್ದು.

ಇಷ್ಟೆಲ್ಲ ಸಾಹಸ ಪ್ರಚಾರಕ್ಕೆ ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗಮನಿಸಬೇಕಾದ್ದು ಬೇರೆ ಇದೆ. ಶಾಟ್ ಮುರಿಯದೆ ಇರುವುದರಿಂದ ನಮಗೆ ಯಾವ ಕ್ಷಣದಲ್ಲೂ ಗೊಂದಲವಿಲ್ಲ. ವಾಕರ್ ಎಲ್ಲಿದ್ದಾನೆ, ಈಥನ್ ಎಷ್ಟು ದೂರದಲ್ಲಿದ್ದಾನೆ, ನೆಲ ಎಷ್ಟು ಹತ್ತಿರ ಬಂತು, ಎಲ್ಲ ಕಣ್ಣಿಗೆ ಕಾಣುತ್ತಿದೆ. ಅವಸರಪಟ್ಟು ಮೊದಲೇ ಹಾರಿದ ವಾಕರ್‌ಗೆ ಸಿಡಿಲು ಬಡಿದು ಪ್ರಜ್ಞೆ ತಪ್ಪುತ್ತದೆ. ಈಥನ್ ಅವನನ್ನು ಗಾಳಿಯಲ್ಲೇ ಹಿಡಿದು, ತನ್ನ ಆಕ್ಸಿಜನ್ ಕೊಟ್ಟು, ಪ್ಯಾರಾಶೂಟ್ ಬಿಚ್ಚಿಸುತ್ತಾನೆ. ಉಳಿಸಿದ ಆ ಮನುಷ್ಯನೇ ಮುಂದೆ ಅವನ ದೊಡ್ಡ ಶತ್ರು! ಒಂದೂ ಮಾತಿಲ್ಲದೆ ಇಬ್ಬರ ಸ್ವಭಾವ ಗೊತ್ತಾಯಿತು. ಒಬ್ಬ ಆತುರಗಾರ, ಸೊಕ್ಕಿನವನು. ಇನ್ನೊಬ್ಬ ಪಕ್ಕದವನು ಎಂಥವನೇ ಆಗಲಿ ಸಾಯಲು ಬಿಡದವನು.

ಅದೇ ದೃಶ್ಯದ ಕೊರತೆಯನ್ನೂ ಹೇಳಬೇಕು. ಪ್ಯಾರಿಸ್‌ನ ಪಾರ್ಟಿಯೊಂದಕ್ಕೆ ಹೋಗಲು 25,000 ಅಡಿಯಿಂದ ಜಿಗಿಯುವ ಅಗತ್ಯವೇನಿತ್ತು? ಯಾರ ಕಣ್ಣಿಗೂ ಬೀಳಬಾರದು ಅನ್ನುವ ಅರೆಬರೆ ಕಾರಣವೊಂದು ಸಿಗುತ್ತದೆ, ಅಷ್ಟೇ. ದೃಶ್ಯ ಮೊದಲು, ಕಾರಣ ಆಮೇಲೆ. ಇಡೀ ಚಿತ್ರದ ಗುಣ ಮತ್ತು ದೋಷ ಈ ಒಂದು ಜಿಗಿತದಲ್ಲೇ ಇದೆ.

ಅಲ್ಲಿಂದ ನೇರ ಗ್ರಾಂಡ್ ಪ್ಯಾಲೆ ಕಟ್ಟಡದ ಬಾತ್‌ರೂಮ್ ಹೊಡೆದಾಟ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಅತ್ಯಂತ ಚೆನ್ನಾಗಿ ಕಟ್ಟಿದ ದೃಶ್ಯ ಇದು. ಯೋಜನೆ ಸರಳ. ಪ್ಲುಟೋನಿಯಂ ಬೆನ್ನು ಹತ್ತಿರುವ, ಮುಖ ಯಾರಿಗೂ ಗೊತ್ತಿಲ್ಲದ ಭಯೋತ್ಪಾದಕ ಜಾನ್ ಲಾರ್ಕ್ ಅಂತ ಶಂಕಿಸಲಾದ ವ್ಯಕ್ತಿಯ ಪ್ರಜ್ಞೆ ತಪ್ಪಿಸುವುದು, ಅವನ ಮುಖದ ಮಾಸ್ಕ್ ಮಾಡಿಕೊಳ್ಳುವುದು, ಈಥನ್ ಅವನಂತೆ ಪಾರ್ಟಿಗೆ ಹೋಗುವುದು. ಆದರೆ ಆ ಮನುಷ್ಯ ಇವರಿಬ್ಬರಿಗಿಂತ ಗಟ್ಟಿಗ. ಆ ಪಾತ್ರ ಮಾಡಿದ ಲಿಯಾಂಗ್ ಯಾಂಗ್ ವೃತ್ತಿಯಿಂದ ಸ್ಟಂಟ್ ಕಲಾವಿದ. ಹಾಗಾಗಿ ಹೊಡೆತ ತಪ್ಪಿಸಲು ಕ್ಯಾಮೆರಾ ಕುಣಿಸಬೇಕಾದ ಕಷ್ಟವಿಲ್ಲ, ಮುಚ್ಚಿಡುವಂಥದ್ದು ಏನೂ ಇಲ್ಲ.

ಕೋಣೆ ಪೂರ್ತಿ ಬಿಳಿ. ಬೆಳಕು ಚೆಲ್ಲಿದೆ. ಹಿನ್ನೆಲೆ ಸಂಗೀತ ಇಲ್ಲ, ಹೊರಗಿನ ಪಾರ್ಟಿಯ ಸದ್ದು ಗೋಡೆಯಾಚೆಯಿಂದ ಮಂದವಾಗಿ ಕೇಳುತ್ತದೆ. ಏದುಸಿರು, ಕನ್ನಡಿ ಒಡೆಯುವ ಸದ್ದು, ಪೈಪ್ ಕಿತ್ತುಬರುವ ಸದ್ದು. ಈಥನ್ ಸುಸ್ತಾಗುತ್ತಾನೆ, ಏಟು ತಿಂದು ತಡವಾಗಿ ಏಳುತ್ತಾನೆ. ವಾಕರ್ ಪಾತ್ರದ ಹೆನ್ರಿ ಕ್ಯಾವಿಲ್ ಎರಡೂ ತೋಳನ್ನು ಬಂದೂಕಿಗೆ ಮದ್ದು ತುಂಬಿದಂತೆ ಝಾಡಿಸಿ ಮುನ್ನುಗ್ಗುವ ಆ ಅರೆಕ್ಷಣ ಟ್ರೇಲರ್‌ನಿಂದಲೇ ಹೆಸರಾಯಿತು. ಕೊನೆಗೆ ಹಿಂದಿನ ಚಿತ್ರದ ಬ್ರಿಟಿಷ್ ಗೂಢಚಾರಿಣಿ ಇಲ್ಸಾ ಬಂದು ಆ ವ್ಯಕ್ತಿಯ ಮುಖಕ್ಕೇ ಗುಂಡು ಹಾರಿಸುತ್ತಾಳೆ. ಮುಖ ಇಲ್ಲ ಅಂದಮೇಲೆ ಮಾಸ್ಕ್ ಇಲ್ಲ. ಮಾಸ್ಕ್ ಇಲ್ಲ ಅಂದಮೇಲೆ ಈಥನ್ ತನ್ನ ಸ್ವಂತ ಮುಖದಲ್ಲೇ ಹೋಗಿ ತಾನೇ ಲಾರ್ಕ್ ಅಂತ ನಂಬಿಸಬೇಕು.

ಒಳ್ಳೆಯ ಆ್ಯಕ್ಷನ್ ದೃಶ್ಯವನ್ನು ಗುರುತಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಈ ದೃಶ್ಯ ತೋರಿಸುತ್ತೇನೆ. ಒಳಗೆ ಹೋಗುವಾಗ ಇದ್ದ ಪರಿಸ್ಥಿತಿ ಹೊರಗೆ ಬರುವಾಗ ಬದಲಾಗಿರಬೇಕು. ಹೊಡೆದಾಟ ತೆಗೆದುಹಾಕಿದರೂ ಕಥೆ ಹಾಗೇ ಸಾಗುತ್ತದೆ ಅಂದರೆ ಅದು ಸುಮ್ನೆ ಹೊಡೆದಾಟ. ಇಲ್ಲಿ ಹಾಗಲ್ಲ. ಪ್ಲಾನ್ ಮುರಿಯುತ್ತದೆ, ಈಥನ್ ಅಲ್ಲಿಯೇ ಹೊಸದೊಂದು ಹೊಳೆಯಿಸಿಕೊಳ್ಳುತ್ತಾನೆ, ಅದೂ ಮುರಿಯುತ್ತದೆ. ಚಿತ್ರದುದ್ದಕ್ಕೂ ಇದೇ ಲಯ. 147 ನಿಮಿಷದ ಸಿನಿಮಾ ಅಷ್ಟು ಉದ್ದ ಅನ್ನಿಸದೇ ಇರುವುದಕ್ಕೆ ಇದೇ ಕಾರಣ.

ಲಂಡನ್‌ನಲ್ಲಿ ಈ ಲಯಕ್ಕೆ ನಿಜ ಜೀವನವೇ ಅಡ್ಡ ಬಂತು. 2017ರ ಆಗಸ್ಟ್‌ನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಜಿಗಿಯುವಾಗ ಕ್ರೂಸ್ ಪಾದ ಗೋಡೆಗೆ ಬಡಿದು ಹಿಮ್ಮಡಿಯ ಗಂಟಿನ ಮೂಳೆ ಮುರಿಯಿತು. ಆದರೂ ಅವರು ಮೇಲೆ ಹತ್ತಿ, ಕುಂಟುತ್ತಲೇ ಕ್ಯಾಮೆರಾ ದಾಟಿ ಹೋದರು. ಆ ಶಾಟ್ ಸಿನಿಮಾದಲ್ಲಿದೆ. ಶೂಟಿಂಗ್ ವಾರಗಟ್ಟಲೆ ನಿಂತಿತು. ಸ್ಕ್ರಿಪ್ಟ್ ಪೂರ್ತಿಯಿಲ್ಲದ ಸಿನಿಮಾಕ್ಕೆ ಈ ಬಿಡುವು ಒಂದು ರೀತಿಯಲ್ಲಿ ವರವೇ ಆಯಿತು. ಅಲ್ಲಿಯವರೆಗೆ ತೆಗೆದದ್ದನ್ನು ನೋಡಿಕೊಂಡು ಮುಂದಿನದನ್ನು ಯೋಚಿಸಲು ಮೆಕ್ವಾರಿಗೆ ಸಮಯ ಸಿಕ್ಕಿತು.

ಈಥನ್ ವಾಕರ್‌ನನ್ನು ಬೆನ್ನಟ್ಟುವ ಆ ಓಟದ ದೃಶ್ಯವೂ ಚೆಂದ. ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಶವಸಂಸ್ಕಾರದ ಪ್ರಾರ್ಥನೆ ನಡೆಯುತ್ತಿರುವಾಗ ಮಧ್ಯೆ ನುಗ್ಗಿ, ಛಾವಣಿಗಳ ಮೇಲೆ ಓಡಿ, ಥೇಮ್ಸ್ ನದಿ ದಾಟಿ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ತನಕ. ಈಥನ್ ತಂಡದ ಬೆಂಜಿ ಟ್ಯಾಬ್ಲೆಟ್‌ನಲ್ಲಿ ನಕ್ಷೆ ನೋಡಿಕೊಂಡು ಎಡಕ್ಕೆ, ಬಲಕ್ಕೆ ಅಂತ ದಾರಿ ಹೇಳುತ್ತಾನೆ. ಈಥನ್ ಇರುವುದು ಮಹಡಿಯ ಮೇಲೆ ಅನ್ನುವುದು ಆ ನಕ್ಷೆಗೆ ಗೊತ್ತಿಲ್ಲ. ದಾರಿ ಅಂತ ಅವನು ತೋರಿಸಿದ್ದು ಕಿಟಕಿ! ಇಷ್ಟು ಓಡಿಯೂ ವಾಕರ್ ತಪ್ಪಿಸಿಕೊಳ್ಳುತ್ತಾನೆ. ಈಥನ್ ಸೋತ ಓಟ ಇದು. ನಾಯಕ ಸೋಲುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಆ್ಯಕ್ಷನ್ ಚಿತ್ರಗಳು ಕಡಿಮೆ.

ಇಷ್ಟಾದರೆ 'ಫಾಲ್‌ಔಟ್' ಒಳ್ಳೆಯ ಸ್ಟಂಟ್‌ಗಳ ಮಾಲೆ ಮಾತ್ರ ಆಗುತ್ತಿತ್ತು. ಅದಕ್ಕಿಂತ ಮೇಲೆ ಎತ್ತಿದ್ದು ಒಂದು ಪ್ರಶ್ನೆ: ಲಕ್ಷಾಂತರ ಜನರಿಗಾಗಿ ಒಬ್ಬನನ್ನು ಬಲಿ ಕೊಡಬಹುದೇ? ಬರ್ಲಿನ್‌ನಲ್ಲಿ ಕಥೆ ಶುರುವಾಗುವುದೇ ಇದರಿಂದ. ಪ್ಲುಟೋನಿಯಂ ಅಥವಾ ಗೆಳೆಯ ಲೂಥರ್, ಎರಡರಲ್ಲಿ ಒಂದು. ಈಥನ್ ಗೆಳೆಯನನ್ನು ಆರಿಸುತ್ತಾನೆ, ಪ್ಲುಟೋನಿಯಂ ಕೈ ತಪ್ಪುತ್ತದೆ. ಮುಂದಿನ ಎರಡು ಗಂಟೆ ಆ ಆಯ್ಕೆಯ ಬೆಲೆ ತೆರುವುದರಲ್ಲೇ ಕಳೆಯುತ್ತದೆ.

ಪ್ಯಾರಿಸ್‌ನಲ್ಲಿ ಅದೇ ಪ್ರಶ್ನೆ ಇನ್ನೂ ಹತ್ತಿರ ಬರುತ್ತದೆ. ಲೇನ್‌ನನ್ನು ಪೊಲೀಸ್ ಬೆಂಗಾವಲಿನಿಂದ ಬಿಡಿಸಬೇಕು, ಜೊತೆಗಿರುವ ಪಾತಕಿಗಳ ಯೋಜನೆಯ ಪ್ರಕಾರ ಪೊಲೀಸರನ್ನೆಲ್ಲ ಕೊಲ್ಲಬೇಕು. ಅದು ಹೇಗಿರುತ್ತದೆ ಅಂತ ಈಥನ್ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವುದನ್ನು ನಾವು ನೋಡುತ್ತೇವೆ. ಆ ಸಾವುಗಳನ್ನು ಕಂಡಮೇಲೆ ಅವನು ಯೋಜನೆಯನ್ನೇ ತಲೆಕೆಳಗು ಮಾಡಿ, ಲೇನ್ ಇರುವ ಗಾಡಿಯನ್ನು ಸೆನ್ ನದಿಗೆ ಬೀಳಿಸುತ್ತಾನೆ. ಗಾಡಿ ಮುಳುಗಿದರೂ ಯಾವ ಪೊಲೀಸನೂ ಸಾಯುವುದಿಲ್ಲ.

ಸ್ವಲ್ಪ ಹೊತ್ತಿನ ನಂತರ ಒಬ್ಬ ಪೊಲೀಸ್ ಹೆಂಗಸು ಆಕಸ್ಮಿಕವಾಗಿ ಇವರ ಎದುರು ಬಂದು ನಿಲ್ಲುತ್ತಾಳೆ. ಹೋಗಿಬಿಡು ಅಂತ ಈಥನ್ ಬೇಡಿಕೊಳ್ಳುತ್ತಾನೆ. ಆಕೆ ಹೋಗುವುದಿಲ್ಲ. ಜೊತೆಗಿದ್ದ ಪಾತಕಿಗಳು ಆಕೆಗೆ ಗುಂಡು ಹೊಡೆಯುತ್ತಾರೆ. ಈಥನ್ ಅವರನ್ನೆಲ್ಲ ಅಲ್ಲೇ ಮುಗಿಸಿ, ಗಾಯಗೊಂಡ ಆಕೆಯ ಪಕ್ಕ ಕುಳಿತು ಫ್ರೆಂಚ್‌ನಲ್ಲೇ ಕ್ಷಮೆ ಕೇಳುತ್ತಾನೆ. ಕಥೆಯ ದೃಷ್ಟಿಯಿಂದ ಇದು ಅನವಶ್ಯಕ. ಆಕೆಯನ್ನು ಉಳಿಸಲು ಹೋಗಿ ಅವನ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ. ಆದರೆ ಈ ಎರಡು ನಿಮಿಷ ಇಲ್ಲದಿದ್ದರೆ ಈಥನ್ ಹಂಟ್ ಬರೀ ಓಡುವ ಯಂತ್ರ ಆಗುತ್ತಿದ್ದ. ಘಟನೆಗಳ ಸರಪಣಿ ಸಡಿಲ ಇದ್ದರೂ ಸಿನಿಮಾ ಕುಸಿಯದಿರುವುದು ಇದರಿಂದಲೇ. ಮುಂದೆ ಏನಾಗುತ್ತದೆ ಅನ್ನುವುದು ಗೋಜಲಾದರೂ, ಇವನು ಏನು ಮಾಡುತ್ತಾನೆ, ಯಾಕೆ ಮಾಡುತ್ತಾನೆ ಅನ್ನುವುದು ಒಮ್ಮೆಯೂ ಗೋಜಲಾಗುವುದಿಲ್ಲ.

ಈಗ ದೋಷಗಳು. ಇವು ಸಣ್ಣವಲ್ಲ.

ವಾಕರ್‌ನ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಅವನೇ ಜಾನ್ ಲಾರ್ಕ್ ಅನ್ನುವುದನ್ನು ಸಿನಿಮಾ ದೊಡ್ಡ ತಿರುವಿನಂತೆ ಇಟ್ಟಿದೆ. ಆದರೆ ಅವನು ಬಂದ ಮೊದಲ ದೃಶ್ಯದಿಂದಲೇ ಅವನ ಮಾತು, ನೋಟ, ಆತುರ ಎಲ್ಲ ಅದನ್ನೇ ಹೇಳುತ್ತಿವೆ. ಮಾಸ್ಕ್ ಹಾಕಿದ ಬೆಂಜಿಯನ್ನು ಲೇನ್ ಅಂತ ನಂಬಿ ವಾಕರ್ ಬಾಯಿಬಿಡುವ ದೃಶ್ಯ ಚುರುಕಾಗಿದೆ, ನಿಜ. ಆದರೆ ಅಲ್ಲಿ ಬೆರಗಾಗುವುದು ವಾಕರ್ ಒಬ್ಬನೇ. ನಮಗೆ ಅದು ಆಗಲೇ ಗೊತ್ತು. ಶುರುವಿನಲ್ಲೂ ಇಂಥದ್ದೇ ಮಾಸ್ಕ್ ಆಟ ಇದೆ. ಮೂರು ನಗರಗಳಲ್ಲಿ ಬಾಂಬ್ ಸಿಡಿಯಿತು ಅಂತ ಸುಳ್ಳು ಟಿವಿ ಸುದ್ದಿ ತೋರಿಸಿ ವಿಜ್ಞಾನಿಯೊಬ್ಬನಿಂದ ಗುಟ್ಟು ಹೊರಡಿಸುತ್ತಾರೆ. ಅದು ಅದ್ಭುತವಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ನಾವೂ ಮೋಸ ಹೋಗಿರುತ್ತೇವೆ. ಪ್ರೇಕ್ಷಕನನ್ನು ಆಟದೊಳಗೆ ಸೇರಿಸಿಕೊಂಡಾಗ ಮಾಸ್ಕ್ ಗೆಲ್ಲುತ್ತದೆ, ಹೊರಗಿಟ್ಟಾಗ ಮಂಕಾಗುತ್ತದೆ.

ವಿಲನ್‌ಗಳ ಉದ್ದೇಶವೂ ತೆಳು. ದೊಡ್ಡ ನೋವಿನ ನಂತರ ದೊಡ್ಡ ಶಾಂತಿ ಬರುತ್ತದೆ, ಹಾಗಾಗಿ ಜಗತ್ತನ್ನು ನೋಯಿಸಬೇಕು ಅನ್ನುವುದು ಅವರ ವಾದ. ಇದನ್ನು ಹೇಳುತ್ತಾರೆಯೇ ಹೊರತು ಅದನ್ನು ಯಾಕೆ ನಂಬಿದರು ಅಂತ ತೋರಿಸುವುದಿಲ್ಲ. ಲೇನ್‌ಗೆ ಈಥನ್ ಮೇಲೆ ಸ್ವಂತ ಸೇಡಾದರೂ ಇದೆ. ಅವನ ಪಾತ್ರ ಮಾಡಿದ ಶಾನ್ ಹ್ಯಾರಿಸ್ ತಣ್ಣನೆಯ ದನಿಯಲ್ಲೇ ಭಯ ಹುಟ್ಟಿಸುತ್ತಾರೆ. ವಾಕರ್‌ಗೆ ಅದೂ ಇಲ್ಲ. ಕ್ಯಾವಿಲ್ ದೇಹದ ಭಾರದಿಂದಲೇ ಪಾತ್ರವನ್ನು ಎಳೆದಿದ್ದಾರೆ. ಅದು ಹೊಡೆದಾಟಕ್ಕೆ ಸಾಕು, ಸಿಐಎ ಏಜೆಂಟ್ ಒಬ್ಬ ಹೀಗೇಕೆ ಆದ ಅನ್ನುವುದಕ್ಕೆ ಸಾಲದು.

ಹೆಣ್ಣು ಪಾತ್ರಗಳ ವಿಷಯದಲ್ಲಿ ನನಗೆ ಬೇಸರ ಇರುವುದು ಇಲ್ಸಾ ಬಗ್ಗೆ. ಹಿಂದಿನ ಚಿತ್ರದಲ್ಲಿ ರೆಬೆಕಾ ಫರ್ಗ್ಯೂಸನ್ ಮಾಡಿದ ಈ ಪಾತ್ರ ಈಥನ್‌ಗೆ ಸರಿಸಮ ಇತ್ತು. ಅವಳ ನಿಷ್ಠೆ ಯಾರ ಕಡೆ ಅನ್ನುವುದೇ ಅಲ್ಲಿನ ಕುತೂಹಲ. ಇಲ್ಲಿ ಲೇನ್‌ನನ್ನು ಕೊಂದು ನಿಷ್ಠೆ ಸಾಬೀತು ಮಾಡಬೇಕು ಅಂತ ಬ್ರಿಟಿಷ್ ಗುಪ್ತಚರ ಸಂಸ್ಥೆ ಅವಳ ಮೇಲೆ ಹೇರಿದೆ. ಅವಳನ್ನು ಕಥೆಯೊಳಗೆ ತರಲು ಒಂದು ನೆಪ ಬೇಕಿತ್ತು ಅನ್ನಿಸುತ್ತದೆ. ವನೆಸಾ ಕರ್ಬಿ ಮಾಡಿದ ಶಸ್ತ್ರಾಸ್ತ್ರ ದಲ್ಲಾಳಿ ವೈಟ್ ವಿಡೋ ಅದ್ಭುತವಾಗಿ ಪ್ರವೇಶಿಸಿ, ಪ್ಯಾರಿಸ್ ಮುಗಿದ ಮೇಲೆ ಹೆಚ್ಚುಕಡಿಮೆ ಕಾಣೆಯಾಗುತ್ತಾಳೆ. 1996ರ ಮೊದಲ ಚಿತ್ರದ ಮ್ಯಾಕ್ಸ್ ಇವಳ ತಾಯಿ ಅಂತ ಒಂದು ಮಾತಿನಲ್ಲಿ ಗೊತ್ತಾಗುತ್ತದೆ. ಹಳೆಯ ಅಭಿಮಾನಿಗಳಿಗೆ ಖುಷಿ ಕೊಡುವ ವಿಷಯ, ಆದರೆ ಅದರಿಂದ ಕಥೆಯಲ್ಲಿ ಏನೂ ಆಗುವುದಿಲ್ಲ.

ಕೊನೆಯ ಭಾಗ ಕಾಶ್ಮೀರದ್ದು. ಅಂದರೆ ಕಾಶ್ಮೀರ ಅಂತ ಹೇಳಿಕೊಳ್ಳುವ ಜಾಗದ್ದು. ಹೆಲಿಕಾಪ್ಟರ್ ಬೆನ್ನಟ್ಟುವಿಕೆ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಚಿತ್ರಿಸಿದ್ದು. ಬಂಡೆಯ ಅಂಚಿನ ಹೊಡೆದಾಟ ನಾರ್ವೆಯ ಪ್ರೈಕೆಸ್ಟೂಲನ್ ಎಂಬ 604 ಮೀಟರ್ ಎತ್ತರದ ಬಂಡೆಯಲ್ಲಿ. ಬೇರೆ ಜಾಗದಲ್ಲಿ ಚಿತ್ರಿಸುವುದು ತಪ್ಪಲ್ಲ, ಎಲ್ಲ ಸಿನಿಮಾಗಳೂ ಮಾಡುತ್ತವೆ. ತೊಂದರೆ ಬೇರೆ. ಪ್ಯಾರಿಸ್ ಮತ್ತು ಲಂಡನ್‌ನಲ್ಲಿ ಪ್ರತಿ ಬೀದಿಗೂ ಒಂದು ಗುರುತಿದೆ, ಜನರಿದ್ದಾರೆ. ಇಲ್ಲಿ ಹಿಮ, ಬೆಟ್ಟ, ಒಂದು ವೈದ್ಯಕೀಯ ಶಿಬಿರ, ಅಷ್ಟೇ. ಅಣುಬಾಂಬ್ ಸಿಡಿಸಿ ಭಾರತ, ಪಾಕಿಸ್ತಾನ, ಚೀನಾದ ಜನ ಕುಡಿಯುವ ನೀರಿಗೆ ವಿಷ ಬೆರೆಸುವ ಸಂಚು ಅಂತ ಹೇಳುತ್ತಾರೆ. ಭೂಮಿಯ ಜನರಲ್ಲಿ ಮೂರನೇ ಒಂದು ಭಾಗದ ಬದುಕು ಅಪಾಯದಲ್ಲಿದೆ. ಆದರೆ ಆ ಜನರಲ್ಲಿ ಒಬ್ಬರ ಮುಖವೂ ನಮ್ಮ ಮನಸ್ಸಿನಲ್ಲಿ ಉಳಿಯುವುದಿಲ್ಲ. ಒಂದು ಜೀವವೂ ಮುಖ್ಯ ಅಂತ ಇಷ್ಟು ಹೊತ್ತು ವಾದಿಸಿದ ಚಿತ್ರ, ಕೊನೆಗೆ ಕೋಟಿಗಟ್ಟಲೆ ಜೀವಗಳನ್ನು ಬರೀ ಲೆಕ್ಕವಾಗಿಸಿತು, ಅಲ್ವಾ?

ಆ ಕೊರತೆ ತುಂಬಲು ಮೆಕ್ವಾರಿ ಜೂಲಿಯಾಳನ್ನು ತಂದಿದ್ದಾರೆ. ಈಥನ್‌ನ ಹಿಂದಿನ ಹೆಂಡತಿ ಅದೇ ಶಿಬಿರದಲ್ಲಿ ವೈದ್ಯೆಯಾಗಿ ಇರುವಂತೆ ಲೇನ್ ಸಂಚು ಮಾಡಿರುತ್ತಾನೆ. ನಂಬುವುದು ಕಷ್ಟ. ಆದರೆ ಭಾವನೆಯ ಮಟ್ಟದಲ್ಲಿ ಇದು ಕೆಲಸ ಮಾಡುತ್ತದೆ. ಮಿಶೆಲ್ ಮೊನಾಹನ್‌ಗೆ ಸಿಕ್ಕ ಸಮಯ ಕಡಿಮೆ. ಅಷ್ಟರಲ್ಲೇ ಗಂಡನಾಗಿದ್ದವನ ಮೇಲೆ ದೂರಿಲ್ಲದ, ತನ್ನ ಬದುಕು ತಾನು ಕಟ್ಟಿಕೊಂಡ ಹೆಣ್ಣೊಬ್ಬಳನ್ನು ಆಕೆ ನಂಬಿಸುತ್ತಾರೆ. ಬಾಂಬ್ ನಿಷ್ಕ್ರಿಯಗೊಳಿಸುವಾಗ ಗಾಬರಿಯಾಗದೆ ಲೂಥರ್‌ಗೆ ನೆರವಾಗುವುದೂ ಆಕೆಯೇ.

ಹೆಲಿಕಾಪ್ಟರ್ ದೃಶ್ಯಕ್ಕಾಗಿ ಕ್ರೂಸ್ ಹಾರಾಟ ಕಲಿತು ತಾವೇ ನಡೆಸಿದ್ದಾರೆ. ಕಣಿವೆಯೊಳಗೆ ಹೆಲಿಕಾಪ್ಟರ್ ಸುರುಳಿ ಸುತ್ತುತ್ತಾ ಇಳಿಯುವಾಗ ಅದು ಗೊತ್ತಾಗುತ್ತದೆ. ಆದರೆ ಇಲ್ಲಿ ಗಡಿಯಾರ ಕೈ ಕೊಡುತ್ತದೆ. ಸ್ಫೋಟಕ್ಕೆ 15 ನಿಮಿಷ ಅಂತ ಎಣಿಕೆ ಶುರುವಾದ ಮೇಲೆ ಮೂರು ಕಡೆ ಮೂರು ಹೋರಾಟ. ಲೂಥರ್ ಒಂದು ಬಾಂಬ್ ಹತ್ತಿರ, ಇಲ್ಸಾ ಮತ್ತು ಬೆಂಜಿ ಇನ್ನೊಂದರ ಹತ್ತಿರ ಲೇನ್ ಜೊತೆ, ಈಥನ್ ಆಕಾಶದಲ್ಲಿ. ಹಗ್ಗ ಹತ್ತುವುದು, ಬೀಳುವುದು, ಮತ್ತೆ ಹತ್ತುವುದು, ಡಿಕ್ಕಿ, ಉರುಳುವಿಕೆ, ಬಂಡೆಯ ಮೇಲಿನ ಹೊಡೆದಾಟ ಎಲ್ಲ ಮುಗಿದು ಕೊನೆಯ ಸೆಕೆಂಡಿನಲ್ಲಿ ತಂತಿ ಕತ್ತರಿಸಬೇಕು. ಸಿನಿಮಾದ ಉಳಿದ ಭಾಗ ನಮ್ಮ ನಿರೀಕ್ಷೆಯನ್ನು ಪದೇ ಪದೇ ಮುರಿದಿತ್ತು. ಬಾಂಬ್, ಟೈಮರ್, ತಂತಿ ಅಂತ ಬಂದಾಗ ಮಾತ್ರ ಎಲ್ಲರಿಗೂ ಗೊತ್ತಿರುವ ದಾರಿಯನ್ನೇ ಹಿಡಿಯಿತು. ಬರ್ಲಿನ್‌ನಲ್ಲಿ ಮಾಡಿದ ಆಯ್ಕೆಗೆ ಈಥನ್ ಕೊನೆಗೆ ಯಾವ ದೊಡ್ಡ ಬೆಲೆಯನ್ನೂ ಕೊಡಬೇಕಾಗುವುದಿಲ್ಲ. ಮೇಲಧಿಕಾರಿ ಹನ್ಲಿ ಒಬ್ಬರನ್ನು ಬಿಟ್ಟರೆ ಅವನ ಕಡೆಯವರೆಲ್ಲ ಬದುಕುತ್ತಾರೆ. ಅಷ್ಟು ಗಂಭೀರವಾಗಿ ಕೇಳಿದ ಪ್ರಶ್ನೆಗೆ ಇದು ತುಂಬ ಸಲೀಸಾದ ಉತ್ತರ.

ಇದೇ ವಿಧಾನವನ್ನು ಮೆಕ್ವಾರಿ ಮತ್ತು ಕ್ರೂಸ್ 2023 ಮತ್ತು 2025ರ ಚಿತ್ರಗಳಲ್ಲೂ ಮುಂದುವರಿಸಿದರು. ಅಲ್ಲೂ ಮೈ ಜುಮ್ಮೆನಿಸುವ ಸಾಹಸಗಳಿವೆ. ಆದರೆ ಅವುಗಳ ನಡುವೆ ಪಾತ್ರಗಳು ನಿಂತು ಕಥೆ ವಿವರಿಸುವ ದೃಶ್ಯಗಳು ಉದ್ದವಾಗುತ್ತಾ ಹೋದವು. 'ಫಾಲ್‌ಔಟ್'ನಲ್ಲಿ ಅಂಥ ವಿವರಣೆ ಬೇಕಾಗುವ ಮುಂಚೆಯೇ ಯಾರಾದರೂ ಕಿಟಕಿಯಿಂದ ಜಿಗಿದಿರುತ್ತಿದ್ದರು.